ಮಾರ್ನಿಯ ಕಾರಿನ ಸದ್ದು

ಥಂಡರ್ ಬೇ ಊರಿನಲ್ಲಿ ಯಾರ ಕಾರು ಕಿರ್ರೆಂದರೂ ಕಟಕ್ಕೆಂದರೂ ಜನ ಕಾರ್ಲೋನ ಗ್ಯಾರೇಜಿಗೇ ಬರುತ್ತಿದ್ದರು. ಹೆಸರು ಕಾರ್ಲೋನದು, ಕಿವಿ ಮಾತ್ರ ಅವನ ಹೆಂಡತಿ ಇರ್ಮಾಳದು. ಹಿಂಬದಿಯಲ್ಲಿ ಸದ್ದು ಬರುವ ಕಾರಾದರೆ ಕಾರ್ಲೋ ಓಡಿಸುತ್ತಿದ್ದ, ಇರ್ಮಾ ಟಾರ್ಚು ಹಿಡಿದು ಡಿಕ್ಕಿಯೊಳಗೆ ಮುದುರಿ ಮಲಗುತ್ತಿದ್ದಳು. ಒಂದು ಸುತ್ತು ಹಾಕಿ ಬರುವಷ್ಟರಲ್ಲಿ ಯಾವ ಬೋಲ್ಟು ಸಡಿಲವಾಗಿದೆ ಎಂದು ಹೇಳಿಬಿಡುತ್ತಿದ್ದಳು. ಮದುವೆಯಾದಂದಿನಿಂದ ಇಪ್ಪತ್ತೆರಡು ವರ್ಷ ನಡೆದುಬಂದ ಪದ್ಧತಿ ಅದು. ಸೊಂಟ ಹಿಡಿದುಕೊಂಡರೂ ಆ ಜಾಗವನ್ನು ಅವಳು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ.

ಈ ಮಾರ್ನಿಯ ಕಾರಿಗೆ ಮಾತ್ರ ಕಾರ್ಲೋ ಅವಳನ್ನು ಕರೆಯಲೇ ಇಲ್ಲ.

ಮಾರ್ನಿ ಶಾಲೆಯ ಗ್ರಂಥಾಲಯ ನೋಡಿಕೊಳ್ಳುವವಳು. ಗಂಡನನ್ನು ಬಿಟ್ಟು ಎರಡು ವರ್ಷವಾಗಿತ್ತು. ಆಯಿಲ್ ಬದಲಿಸಲು ತಂದಿದ್ದ ಅವಳ ಹಳೇ ನೀಲಿ ಕಾರು ಮಾರನೆಯ ದಿನವೇ ಸದ್ದು ಶುರುಮಾಡಿತ್ತು. ಮೂರು ವಾರದಲ್ಲಿ ಐದು ಸಲ ಕಾರ್ಲೋ, ಮಾರ್ನಿ ಇಬ್ಬರೇ ಆ ಸದ್ದು ಹುಡುಕಿಕೊಂಡು ಸರೋವರದ ದಂಡೆಯ ರಸ್ತೆ ಹಿಡಿದಿದ್ದರು. ಶಾಕ್ ಅಬ್ಸಾರ್ಬರ್ ಇರಬೇಕು ಎಂದ ಒಂದು ದಿನ. ಸೈಲೆನ್ಸರ್ ಎಂದ ಇನ್ನೊಂದು ದಿನ. ಹೊರಡುವ ಮುಂಚೆ ಪ್ರತಿ ಸಲವೂ ತಲೆ ಬಾಚಿಕೊಂಡ. ಅಲ್ಲಾ, ತಲೆ ಬಾಚಿಕೊಂಡವನಿಗೆ ಮಾತ್ರ ಕೇಳುವ ಸದ್ದು ಅದ್ಯಾವುದಪ್ಪಾ? ಮಾರ್ನಿ ಮಾಡಿ ತಂದಿದ್ದ ಬ್ಲೂಬೆರಿ ಕಡುಬನ್ನು ನಿಂತಲ್ಲೇ ಎರಡು ತುಂಡು ಮುಕ್ಕಿದ. ಇರ್ಮಾಳೂ ಬಾಯಿಗಿಟ್ಟು ನೋಡಿದಳು. ರುಚಿಯಾಗಿತ್ತು, ಅದಕ್ಕೇ ಇನ್ನಷ್ಟು ಹೊಟ್ಟೆ ಉರಿಯಿತು.

ಡಿಕ್ಕಿಯಲ್ಲಿ ತಾನು ಮಲಗಲೇ ಎಂದು ಕೇಳಿಯೂ ನೋಡಿದ್ದಳು. "ಬೇಡ, ಮೊದ್ಲು ನಿನ್ನ ಸೊಂಟ ನೋಡ್ಕೋ," ಎಂದಿದ್ದ. ಹೆಂಡತಿಯ ಸೊಂಟದ ಮೇಲೆ ಈ ಮಹಾಶಯನಿಗೆ ಇಷ್ಟು ಅಕ್ಕರೆ ಯಾವಾಗ ಹುಟ್ಟಿತೋ!

ಮಂಗಳವಾರ ಕಾರ್ಲೋ ಬಿಡಿಭಾಗ ತರಲು ಪಕ್ಕದವರ ಗಾಡಿಯಲ್ಲಿ ಗುಜರಿಗೆ ಹೋಗಿದ್ದಾಗ ಮಾರ್ನಿ ಬಂದಳು. ಕೊರಳಲ್ಲಿ ಕೆಂಪು ಸ್ಕಾರ್ಫು. ಅವನಿಲ್ಲವೇ ಎಂದು ಕೇಳಿದಳು. ಅವನಿಲ್ಲದಿದ್ದರೇನು ತಾನಿದ್ದೇನಲ್ಲ ಎಂದು ಇರ್ಮಾ ಟಾರ್ಚು ತೆಗೆದುಕೊಂಡು ಡಿಕ್ಕಿ ತೆರೆಸಿದಳು. ಮೊದಲು ಕಣ್ಣಲ್ಲೇ ಜಾಲಾಡಿದಳು. ಹಿಮ ಎತ್ತುವ ಸಲಿಕೆ, ಒಂದು ಕಂಬಳಿ, ಮಕ್ಕಳ ಪುಸ್ತಕಗಳು. ಕಾರ್ಲೋನ ಒಂದು ಕೈಗವಸೂ ಇರಲಿಲ್ಲ.

"ಅಯ್ಯೋ, ಡಿಕ್ಕಿ ಒಳಗಾ? ಉಸಿರು ಕಟ್ಟಲ್ವಾ ನಿಮ್ಗೆ?" ಎಂದಳು ಮಾರ್ನಿ.

"ನಂಗೆ ಅಭ್ಯಾಸ ಇದೆ. ಮೊದ್ಲು ನಿಧಾನ ಹೋಗಿ, ಆಮೇಲೆ ಜೋರಾಗಿ."

ಕಾರು ಹೊರಟಿತು. ಕಟಕ್, ಕಟಕ್, ಎಡಹಿಂದಿನ ಚಕ್ರದಿಂದ ಬಂತು. ವೇಗ ಏರಿದ ಹಾಗೆ ಸದ್ದು ನಿಂತೇ ಹೋಯಿತು. ವೇಗ ಇಳಿದಾಗ ಮತ್ತೆ ಕಟಕ್, ಕಟಕ್.

ಈ ಸದ್ದು ಇರ್ಮಾಳಿಗೆ ಗೊತ್ತಿತ್ತು. ಮದುವೆಗೆ ಮುಂಚೆ ಅವಳ ಕೆಂಪು ಕಾರೂ ಹೀಗೇ ಸದ್ದು ಮಾಡಿತ್ತು. ಮೂರು ಸಲ ಗ್ಯಾರೇಜಿಗೆ ತಂದರೂ ಹೋಗಿರಲಿಲ್ಲ. ನಾಲ್ಕನೆಯ ಸಲ ಕಾರ್ಲೋನೇ ಚಕ್ರದ ಮೇಲಿನ ವೀಲ್ ಕ್ಯಾಪ್ ಕಿತ್ತು, ಒಳಗೆ ಉರುಳಾಡುತ್ತಿದ್ದ ನಟ್ಟು ತೋರಿಸಿ, "ನೀನು ಮತ್ತೆ ಬರ್ಲಿ ಅಂತ ನಾನೇ ಹಾಕಿದ್ದು," ಎಂದಿದ್ದ. ಅದನ್ನು ಹೇಳಿಕೊಂಡು ಮದುವೆಮನೆಯೆಲ್ಲ ನಕ್ಕಿತ್ತು. ಆ ನಟ್ಟು ಇಂದಿಗೂ ಅವರ ಪಿಕಪ್ ಗಾಡಿಯ ಬೀಗದ ಕೈ ಗೊಂಚಲಲ್ಲಿತ್ತು. ತನ್ನನ್ನು ಈ ಡಿಕ್ಕಿಗೆ ಯಾಕೆ ಕರೆಯಲಿಲ್ಲವೆಂದು ಅವಳಿಗೆ ಈಗ ತಿಳಿಯಿತು.

ಕಾರು ನಿಂತಾಗ ಡಿಕ್ಕಿಯಿಂದ ಇಳಿದು, ಸ್ಕ್ರೂಡ್ರೈವರ್ ಹಾಕಿ ವೀಲ್ ಕ್ಯಾಪ್ ಮೀಟಿದಳು. ನಟ್ಟು ಅಂಗೈಗೆ ಬಿತ್ತು.

"ಇಷ್ಟೇನಾ? ಪಾಪ, ಕಾರ್ಲೋ ಎಷ್ಟೆಲ್ಲಾ ಒದ್ದಾಡಿದ್ರು," ಎಂದಳು ಮಾರ್ನಿ.

ಇರ್ಮಾ ಅವಳ ಮುಖವನ್ನು ಚೆನ್ನಾಗಿ ನೋಡಿದಳು. ಕಳ್ಳತನದ ಸುಳಿವೇ ಇರಲಿಲ್ಲ. ಕಳ್ಳಿಯಾಗಿದ್ದರೆ ಜುಟ್ಟು ಹಿಡಿದು ಜಾಡಿಸಬಹುದಿತ್ತು, ಆ ಸುಖಕ್ಕೂ ಕಲ್ಲು ಬಿತ್ತು. ಇನ್ನು ಗ್ಯಾರೇಜಿಗೆ ಬರಬೇಕಾಗಿಲ್ಲ ಎಂದು ಇರ್ಮಾ ಹೇಳಿದಾಗ ಮಾತ್ರ ಆ ಮುಖ ಒಂದು ಗಳಿಗೆ ಬಾಡಿತು. ಆ ಒಂದು ಗಳಿಗೆ ಇರ್ಮಾಳ ಎದೆಗೆ ನಾಟಿತು.

ಸಂಜೆ ಕಾರ್ಲೋ ಬಂದು, ಯಾರಾದರೂ ಬಂದಿದ್ದರಾ ಎಂದು ಎರಡು ಸಲ ಕೇಳಿದ.

"ಮಾರ್ನಿ ಬಂದಿದ್ಲು. ಸದ್ದು ಹೋಯ್ತು," ಎಂದಳು.

ಏನಾಗಿತ್ತು ಎಂದು ಅವನು ಕೇಳಲಿಲ್ಲ. ಇರ್ಮಾ ಗಾಡಿಯ ಬೀಗದ ಕೈಯನ್ನು ಅವನ ಕೈಗೆ ಕೊಟ್ಟು ಪಕ್ಕದಲ್ಲಿ ಹೋಗಿ ಕೂತಳು. ಗೊಂಚಲಲ್ಲಿ ಸವೆದು ಹೊಳೆಯುವ ಹಳೇ ನಟ್ಟಿನ ಪಕ್ಕ ಇನ್ನೊಂದು ನಟ್ಟು ತೂಗುತ್ತಿತ್ತು. ಕಾರ್ಲೋ ಅದನ್ನು ನೋಡಿದ. ಆಮೇಲೆ ಗಾಡಿ ಶುರುಮಾಡಿದ.

ಪ್ರತಿ ಗುಂಡಿಗೂ ಎರಡು ನಟ್ಟು ಒಂದಕ್ಕೊಂದು ಬಡಿದು ಟಣ್ ಟಣ್ ಎಂದವು. ಗಾಡಿಯಲ್ಲಿ ಒಂದು ಸಣ್ಣ ಸದ್ದಾದರೂ ನಿಲ್ಲಿಸಿ ನೋಡದೆ ಮುಂದೆ ಹೋಗದ ಆ ಮನುಷ್ಯ ಅವತ್ತು ಮನೆ ತಲುಪುವವರೆಗೂ ರಸ್ತೆಯಿಂದ ಕಣ್ಣು ಕೀಳಲಿಲ್ಲ.