ಎತ್ತಿದ ಕೈ

ಪರದೆಯ ಮೇಲೆ ಕೈ ಎದ್ದಿತು.

ಎದ್ದದ್ದನ್ನು ತ್ರಿವಿಕ್ರಮ ನೋಡಿದ. ಕ್ಯಾನ್ಸರ್ ಚಿಕಿತ್ಸೆಯ ಕಿರಣವನ್ನು ನಿಲ್ಲಿಸುವ ಗುಂಡಿ ಅವನ ತೋರುಬೆರಳಿನ ಕೆಳಗೇ ಇತ್ತು. ದಪ್ಪ ಗೋಡೆಯಾಚೆ, ಯಂತ್ರದ ಕೆಳಗೆ, ರಾಮಮೂರ್ತಿಯವರ ತಲೆಯನ್ನು ಪ್ಲಾಸ್ಟಿಕ್ ಜಾಲರಿಯ ಮುಖವಾಡ ಮಂಚಕ್ಕೆ ಬಿಗಿದಿತ್ತು. ಬಾಯಿ ಬಿಡುವಂತಿಲ್ಲ, ಕತ್ತು ಹೊರಳಿಸುವಂತಿಲ್ಲ. ಮೊದಲ ದಿನ ಅವನೇ ಹೇಳಿದ್ದ: "ಏನೇ ತೊಂದರೆ ಆದ್ರೂ ಕೈ ಎತ್ತಿ ಸಾರ್. ನಾನು ನೋಡ್ತಾನೇ ಇರ್ತೀನಿ. ತಕ್ಷಣ ನಿಲ್ಲಿಸ್ತೀನಿ."

ನೋಡುತ್ತಲೇ ಇದ್ದ. ಬೆರಳು ಅಲುಗಲಿಲ್ಲ. ಮುಗಿಯಲು ಸ್ವಲ್ಪವೇ ಉಳಿದಿತ್ತಲ್ಲ ಎಂಬ ಸಮಜಾಯಿಷಿ ಆಮೇಲೆ ಹುಟ್ಟಿದ್ದು. ಆ ಗಳಿಗೆಯಲ್ಲಿ ತಲೆಯೊಳಗೆ ಏನೂ ಇರಲಿಲ್ಲ. ಕೈ ಗಾಳಿಯಲ್ಲಿ ತಡಕಾಡಿ ಕೆಳಗೆ ಬಿತ್ತು. ಕಿರಣ ತಾನಾಗಿಯೇ ನಿಂತಿತು.

ಪಕ್ಕದ ಕುರ್ಚಿಯಲ್ಲಿ ಮುಂದಿನ ರೋಗಿಯ ವಿವರ ಓದುತ್ತಿದ್ದ ಮಧುರಾ ತಲೆಯೆತ್ತಿದಳು.

"ಕೈ ಎತ್ತಿದ್ರಾ? ಏನೋ ಮೂವ್ ಆದ ಹಾಗಿತ್ತು."

"ಇಲ್ಲ."

"ಸರಿ ಬಿಡು. ಸ್ಟಾಫ್ ಸರ್ವೇ ಬಂದಿದೆ, ನೋಡಿದ್ಯಾ? ಕೆಲಸದಲ್ಲಿ ತೃಪ್ತಿ, ಹತ್ತಕ್ಕೆ ಎಷ್ಟು? ನೀನು ಎಂದಿನ ಹಾಗೆ ಎಂಟೇ ತಾನೇ, ಸಂತೃಪ್ತ ಮಹಾಶಯ?"

"ಎಂಟು."

ಹತ್ತು ಎಂದರೆ ಅನುಮಾನಪಡುತ್ತಾರೆ. ಆರು ಎಂದರೆ ಕರೆದು ಕೂರಿಸಿ ಮೃದುವಾಗಿ ಮಾತಾಡುತ್ತಾರೆ.

ಒಳಗೆ ಹೋಗಿ ಮುಖವಾಡ ಬಿಚ್ಚಿದ. ಮೈಸೂರಿನಲ್ಲಿ ಕೆಮಿಸ್ಟ್ರಿ ಪಾಠ ಹೇಳಿ ನಿವೃತ್ತರಾಗಿ ಈ ದೂರದೇಶಕ್ಕೆ ಬಂದಿದ್ದ ಹಿರಿಯರ ಹಣೆ, ಕೆನ್ನೆಗಳ ಮೇಲೆಲ್ಲ ಜಾಲರಿಯ ಅಚ್ಚು ಬಿದ್ದಿತ್ತು. ಸುಟ್ಟ ಗಂಟಲಿನಿಂದ ಸ್ವರ ನಿಧಾನವಾಗಿ ಬಂತು.

"ಎಂಜಲು ಗಂಟಲಿಗೆ ಸಿಕ್ಕಿತು ಕಣಪ್ಪ. ಕೈ ಎತ್ತಿದ್ದೆ."

ತ್ರಿವಿಕ್ರಮ ಮುಖವಾಡವನ್ನು ಪಕ್ಕಕ್ಕಿಟ್ಟ. "ಕ್ಯಾಮೆರಾದಲ್ಲಿ... ಸರಿಯಾಗಿ ಕಾಣಿಸಲಿಲ್ಲ ಸಾರ್."

"ಇರಲಿ. ನೀನು ನಿಲ್ಲಿಸಲಿಲ್ಲ ಅಂದ್ಮೇಲೆ ಅಪಾಯ ಇಲ್ಲ ಅಂದ್ಕೊಂಡೆ. ಕೈ ಇಳಿಸಿದೆ."

ಭುಜ ತಟ್ಟಿದರು. ದೂರು, ವಿಚಾರಣೆ, ಕೆಲಸ ಹೋಗುವುದು, ಇವಕ್ಕೆಲ್ಲ ಹೆದರಲು ಅವನಿಗೆ ಬರುತ್ತಿತ್ತು. ಈ ತಟ್ಟುವಿಕೆಗೆ ಹೇಗೆ ಹೆದರಬೇಕೆಂದು ತಿಳಿಯಲಿಲ್ಲ. ನಾಳೆ ಇನ್ನೊಂದು ಕೈ ಏಳುತ್ತದೆ. ಈ ಬೆರಳು ಆಗಲಾದರೂ ಒತ್ತುತ್ತದೆಯೇ?

ಅವರ ಚಿಕಿತ್ಸೆಗೆ ಇದು ಕೊನೆಯ ದಿನ. ಚಿಕಿತ್ಸೆ ಮುಗಿಸಿದವರು ಕಾರಿಡಾರಿನ ಗಂಟೆ ಬಾರಿಸುವ ಶಾಸ್ತ್ರವಿತ್ತು. ಅವರ ಹೆಂಡತಿ ಅನಸೂಯ ಡಬ್ಬಿ ತುಂಬ ಕೋಡುಬಳೆ ತಂದಿದ್ದರು.

"ಇವರಿಗಂತೂ ನುಂಗಕ್ಕಾಗಲ್ಲ. ನೀವಾದ್ರೂ ತಿನ್ನಿ."

ರಾಮಮೂರ್ತಿ ಗಂಟೆ ಬಾರಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ತ್ರಿವಿಕ್ರಮನೂ ತಟ್ಟಿದ. ಬೆರಳುಗಳು ಚೆನ್ನಾಗಿಯೇ ಕೆಲಸ ಮಾಡುತ್ತಿದ್ದವು.

"ಮುಖವಾಡ ಮನೆಗೆ ತಗೊಂಡು ಹೋಗ್ತೀರಾ ಸಾರ್? ಕೆಲವರು ಒಯ್ತಾರೆ." ತ್ರಿವಿಕ್ರಮ ಕೇಳಿದ.

"ಬೇಡಪ್ಪ. ನೀನೇ ಇಟ್ಕೋ."

ಸಂಜೆ ಮಧುರಾ ಬ್ಯಾಗು ಹೆಗಲಿಗೇರಿಸಿದಳು. "ಮನೆ ದಾರೀಲಿ, ರೌಸ್ ಹಿಲ್ ಕಡೆ, ಟ್ರಾಫಿಕ್ ಶುರುವಾಗತ್ತೆ. ಬರ್ತೀಯಾ, ಡ್ರಾಪ್ ಮಾಡ್ತೀನಿ?"

"ನೀನು ಹೋಗು."

ಯಂತ್ರ ಆರಿಸಿಯಾಗಿತ್ತು. ಕಸಕ್ಕೆ ಹಾಕಬೇಕಾದ ಮುಖವಾಡವನ್ನು ಕೈಯಲ್ಲಿ ಹಿಡಿದು ಅವನು ಒಳಗೆ ಹೋದ. ಮಂಚದ ಮೇಲೆ ಮಲಗಿದ. ಮುಖವಾಡವನ್ನು ಮುಖದ ಮೇಲಿಟ್ಟುಕೊಂಡ. ಬೇರೆಯವರ ಮೂಗು, ಬೇರೆಯವರ ಗಲ್ಲ, ಎಲ್ಲಿಯೂ ಹೊಂದಲಿಲ್ಲ. ಆದರೂ ಒತ್ತಿತು.

ಜಾಲರಿಯ ಕಣ್ಣುಗಳಾಚೆ, ಮೂಲೆಯಲ್ಲಿ, ಕ್ಯಾಮೆರಾದ ಕೆಂಪು ದೀಪ.

ಕೈ ಎತ್ತಿದ.

ಗೋಡೆಯಾಚೆಯ ಪರದೆಯಲ್ಲಿ ಈಗ ಒಂದು ಕೈ ಕಾಣುತ್ತಿರಬೇಕು. ಎದುರಿಗೆ ಅವನ ಖಾಲಿ ಕುರ್ಚಿ. ತೋಳು ನೋಯತೊಡಗಿತು. ಇಳಿಸಲು ಹೆದರಿಕೆಯಾಯಿತು.