ಕುಶಲ ಗಾಡಿ ಹತ್ತಿದಳೇ

ನನಗೆ ಕನ್ನಡ ಮಾತಾಡಲು ಬರುತ್ತಿತ್ತು, ಜಗಳವಾಡಲು ಇನ್ನೂ ಚೆನ್ನಾಗಿ ಬರುತ್ತಿತ್ತು. ಓದಲು ಮಾತ್ರ ಬರುತ್ತಿರಲಿಲ್ಲ. ಅಪ್ಪ ಧಾರವಾಡ ಬಿಟ್ಟು ಪುಣೆಯ ಲಕ್ಷ್ಮೀ ರಸ್ತೆಯ ಬಟ್ಟೆ ಅಂಗಡಿಯೊಂದರಲ್ಲಿ ಗುಮಾಸ್ತನಾಗಿ ಸೇರಿದಾಗ ನಾನಿನ್ನೂ ಶಾಲೆಯ ಮುಖ ನೋಡಿರಲಿಲ್ಲ. ಬಿಬವೇವಾಡಿಯಲ್ಲಿ ಮನೆಯ ಹತ್ತಿರವೇ ಇದ್ದ ಮರಾಠಿ ಶಾಲೆಗೆ ಹಾಕಿದರು. ಗೆಳತಿಯರು ಮನೆಗೆ ಬಂದಾಗ ಗೋಡೆಯ ಕನ್ನಡ ಕ್ಯಾಲೆಂಡರ್ ನೋಡಿ ‘ಜಿಲೇಬಿ, ಜಿಲೇಬಿ’ ಎಂದು ನಗುತ್ತಿದ್ದರು. ನಾನು ಮೈಮೇಲೆ ಬಂದವಳಂತೆ ಜಗಳಕ್ಕೆ ನಿಲ್ಲುತ್ತಿದ್ದೆ. ಆದರೆ ನಿಜ ಹೇಳಬೇಕೆಂದರೆ ನನಗೂ ಆ ಅಕ್ಷರಗಳು ಜಿಲೇಬಿಗಳೇ ಆಗಿದ್ದವು.

ಓದುವವಳು ನನ್ನ ಅಕ್ಕ ಇಂದೂ. ಅವಳು ಧಾರವಾಡದಲ್ಲಿ ಕನ್ನಡ ಶಾಲೆ ಕಲಿತವಳು. ಚಿಕ್ಕವಳಿದ್ದಾಗ ಬಂದ ಒಂದು ಜ್ವರ ಹೋಗುವಾಗ ಅವಳ ಹೃದಯದ ಕವಾಟವನ್ನು ಕೆಡಿಸಿ ಹೋಗಿತ್ತು. ಪುಣೆಗೆ ಬಂದ ಮೇಲೆ ಶಾಲೆ ನಿಂತುಹೋಯಿತು. ನಮ್ಮ ಮನೆ ಮೂರನೆಯ ಮಹಡಿಯಲ್ಲಿತ್ತು. ಅವಳು ಕೆಳಗಿಳಿಯುತ್ತಿದ್ದುದು ಆಸ್ಪತ್ರೆಗೆ ಹೋಗುವಾಗ ಮಾತ್ರ. ಉಳಿದಂತೆ ಕಿಟಕಿಯ ಪಕ್ಕದ ಮಂಚವೇ ಅವಳ ಊರು. ಆ ಮಂಚದ ಮೇಲೆಯೇ ನಮ್ಮ ಕುಶಲ ಹುಟ್ಟಿದ್ದು.

ಕುಶಲ ಒಂದು ಕಾದಂಬರಿಯ ಹುಡುಗಿ. ರೇಣು ಕಟಗೇರಿ ಎಂಬ ಲೇಖಕಿ ನಮ್ಮ ವಯಸ್ಸಿನವರಿಗಾಗಿ ಬರೆದದ್ದು, ‘ಕೊನೆಯ ಬೆಂಚಿನ ಕುಶಲ’ ಎಂದು ಹೆಸರು. ಅಪ್ಪ ಧಾರವಾಡದಿಂದ ತಂದಿದ್ದ. ಸಂಜೆ ನಾನು ಶಾಲೆಯಿಂದ ಬಂದು ಭಕ್ರಿ, ಶೇಂಗಾ ಚಟ್ನಿ ಹಿಡಿದು ಮಂಚದ ತುದಿಗೆ ಕೂತರೆ ಇಂದೂ ಪುಸ್ತಕ ತೆರೆಯುತ್ತಿದ್ದಳು. ಕುಶಲ ಮಾಸ್ತರರಿಗೆ ಎದುರುತ್ತರ ಕೊಟ್ಟಳು. ನಾನೂ ಕೊಟ್ಟೆ, ಅಂಗೈ ಕೆಂಪಾಗುವಷ್ಟು ಛಡಿಯೇಟು ತಿಂದೆ. ಕುಶಲ ಜಡೆ ಕತ್ತರಿಸಿಕೊಂಡಳು. ನಾನು ಅರ್ಧ ಕತ್ತರಿಸುವಷ್ಟರಲ್ಲಿ ಅವ್ವ ಕತ್ತರಿ ಕಸಿದುಕೊಂಡಳು. ಬೇರೆ ಹುಡುಗಿಯರು ಸಿನಿಮಾ ನಟರ ಚಿತ್ರ ಅಂಟಿಸಿಕೊಳ್ಳುತ್ತಿದ್ದ ಕಾಲ ಅದು. ನನಗೆ ಕುಶಲ ಒಬ್ಬಳೇ ಸಾಕಾಗಿದ್ದಳು.

ಕಥೆ ಒಂದು ಪುಸ್ತಕಕ್ಕೆ ಮುಗಿಯಲಿಲ್ಲ. ಜೂನ್‌ನಲ್ಲಿ ಶಾಲೆ ಶುರುವಾಗುವ ಮುಂಚೆ ಅಪ್ಪ ಊರಿಗೆ ಹೋಗಿಬರುತ್ತಿದ್ದ. ಹೋಗುವಾಗ ಇಂದೂ ಹಳೆಯ ಪುಸ್ತಕವನ್ನು ಅವನ ಚೀಲಕ್ಕೆ ಹಾಕಿ, “ಇದನ್ನ ಪುಸ್ತಕದ ಅಂಗಡಿಗೆ ವಾಪಸ್ ಕೊಟ್ಟು ಮುಂದಿನ ಭಾಗ ತೊಗೊಂಡು ಬಾ ಅಪ್ಪಾ” ಅನ್ನುತ್ತಿದ್ದಳು. ಅಪ್ಪ ಬಂದ ಮರುದಿನ ನನ್ನ ಶಾಲೆಯ ಪುಸ್ತಕಗಳಿಗೆಲ್ಲ ಖಾಕಿ ಹಾಳೆಯ ಹೊದಿಕೆ ಹಾಕುವ ಕೆಲಸ. ಪುಣೆಯ ಎಲ್ಲ ಮನೆಗಳಲ್ಲೂ ಜೂನ್ ಬಂತೆಂದರೆ ಈ ಸಂಭ್ರಮವೇ. ಇಂದೂ ಮೂಲೆ ಮಡಿಸುವುದನ್ನು ನೋಡುವುದೇ ಒಂದು ಸೊಗಸು. ನನ್ನ ಗಣಿತ, ಭೂಗೋಳಗಳ ಜೊತೆಗೆ ಕುಶಲಳ ಹೊಸ ಭಾಗಕ್ಕೂ, ನಾನು ನೋಡುವ ಮುಂಚೆಯೇ, ಖಾಕಿ ಅಂಗಿ ಬೀಳುತ್ತಿತ್ತು. ಎಲ್ಲ ಭಾಗಗಳೂ ಒಂದೇ ದಪ್ಪವಿರುತ್ತಿದ್ದವು. ಎಷ್ಟು ಅಚ್ಚುಕಟ್ಟಾಗಿ ಬರೆಯುತ್ತಾರೆ ಎಂದು ನಾನು ಲೇಖಕಿಯನ್ನು ಹೊಗಳುತ್ತಿದ್ದೆ. ಇಂದೂ ತುಟಿ ಬಿಗಿಹಿಡಿದು, “ಹೌದೌದು, ಭಾಳ ಅಚ್ಚುಕಟ್ಟು” ಅನ್ನುತ್ತಿದ್ದಳು.

ನಾಲ್ಕನೆಯ ಭಾಗದಲ್ಲಿ ಕುಶಲ ಕಾಲೇಜು ಕಲಿಯಲು ಪುಣೆಗೆ ಹೊರಟಳು. ಜೊತೆಗೆ ತಂಗಿ ಅಪ್ಪಿ. ಸೋಲಾಪುರದಲ್ಲಿ ರೈಲುಗಾಡಿ ಹತ್ತಿದರು. ಅಪ್ಪಿ ದಾರಿಯುದ್ದಕ್ಕೂ ತಲೆ ತಿಂದು ಕೊನೆಗೆ ಅಕ್ಕನ ತೊಡೆಯ ಮೇಲೆ ನಿದ್ದೆ ಹೋದಳು. ದೌಂಡದಲ್ಲಿ ಗಾಡಿ ನಿಂತಿತು. ಎದ್ದರೆ ನೀರು ಕೇಳುತ್ತಾಳೆಂದು ಕುಶಲ ಮೆಲ್ಲಗೆ ತಂಗಿಯ ತಲೆಯ ಕೆಳಗೆ ಚೀಲ ಸರಿಸಿ, ಬಾಟಲಿ ಹಿಡಿದು ಇಳಿದಳು. ನಳದ ಹತ್ತಿರ ಗದ್ದಲ. ಬಾಟಲಿ ಇನ್ನೂ ತುಂಬಿಲ್ಲ, ಗಾಡಿ ಸೀಟಿ ಹಾಕಿ ಅಲುಗಾಡಿತು.

ಇಂದೂ ಪುಸ್ತಕ ಮುಚ್ಚಿದಳು. “ಮುಂದಿಂದು ನಾಳಿ.”

ನಾನು ಗಲಾಟೆ ಮಾಡಿದೆ. ಅವಳು ಏದುಸಿರು ಬಿಡುತ್ತ, “ದಣಿವಾಗೇದ ವರದಾ, ಬಿಡು” ಅಂದಳು. ಮರುದಿನ ಬೆಳಿಗ್ಗೆ ಅಪ್ಪ ಅವಳನ್ನು ಎತ್ತಿಕೊಂಡೇ ಮೂರು ಮಹಡಿ ಇಳಿದ. ಅವಳು ಮತ್ತೆ ಹತ್ತಿ ಬರಲಿಲ್ಲ.

ಆಮೇಲೆ ಆ ಪುಸ್ತಕವನ್ನು ನಾನು ಯಾರಿಗೂ ಮುಟ್ಟಲು ಕೊಡಲಿಲ್ಲ. ಓದಿ ಹೇಳು ಎಂದು ಅಪ್ಪನನ್ನು ಕೇಳಬಹುದಿತ್ತು; ಕೇಳಲಿಲ್ಲ. ಅವನೂ ಆ ಮಾತೆತ್ತಲಿಲ್ಲ. ನಾನೇ ಅಕ್ಷರ ಕಲಿಯಬಹುದಿತ್ತು, ಕಲಿಯಲಿಲ್ಲ. ಕುಶಲಳನ್ನು ಬೇರೆಯವರ ದನಿಯಲ್ಲಿ ಕೇಳುವುದು ನನಗೆ ಬೇಡವಾಗಿತ್ತು, ನನ್ನ ದನಿಯಲ್ಲೂ ಬೇಡವಾಗಿತ್ತು. ಇಂದೂಳ ಬಾಯಿಂದ ಆಗದಿದ್ದರೆ ಬರೆದವರ ಬಾಯಿಂದ ಮಾತ್ರ ಕೇಳುತ್ತೇನೆಂದು ಹಟ ಹಿಡಿದೆ. ನಾನು ಕಾಲೇಜು ಸೇರಿದ ವರ್ಷ ಆ ದಿನ ಬಂತು. ಪುಣೆಯ ಕನ್ನಡದವರ ಸಂಘವೊಂದು ರೇಣು ಕಟಗೇರಿಯವರನ್ನು ಕರೆಸಿ ಸನ್ಮಾನ ಇಟ್ಟುಕೊಂಡಿತ್ತು.

ಅಪ್ಪ ಸಭಾಂಗಣದ ಬಾಗಿಲವರೆಗೆ ಬಂದ. ಒಳಗೆ ಮಾತ್ರ ಬರಲಿಲ್ಲ. “ನೀ ಹೋಗಿ ಬಾ, ನಾ ಬಸ್ ಸ್ಟಾಪಿನ್ಯಾಗ ಇರ್ತೀನಿ” ಅಂದ.

ಶಾಲು, ಹಾರ, ಹಣ್ಣಿನ ಬುಟ್ಟಿ, ಅಧ್ಯಕ್ಷರ ಭಾಷಣ, ಉಪಾಧ್ಯಕ್ಷರ ಅದಕ್ಕಿಂತ ಉದ್ದದ ಭಾಷಣ. ಲೇಖಕಿ ಬಿಳಿ ಕೂದಲಿನ ಸಣ್ಣ ಹೆಂಗಸು, ಕುರ್ಚಿಯಲ್ಲಿ ಮುಳುಗಿ ಕೂತಿದ್ದರು. ಎಲ್ಲ ಮುಗಿದು ಸಹಿಗಾಗಿ ಸಾಲು ನಿಂತಾಗ ನಾನೂ ನುಗ್ಗಿದೆ.

“ಬಾಯಾರ, ನನಗ ಸಹಿ ಬ್ಯಾಡ್ರಿ. ಒಂದಽ ಮಾತು ಕೇಳೂದದ.”

“ಕೇಳವಾ.”

“ದೌಂಡದಾಗ ಕುಶಲ ಗಾಡಿ ಹತ್ತಿದ್ಳೋ ಇಲ್ಲೋ?”

“ಯಾವ ಗಾಡಿ?”

ವಯಸ್ಸಾಗಿದೆ, ಮರೆತಿದ್ದಾರೆ ಅಂದುಕೊಂಡೆ. “ನಾಕನೇ ಭಾಗದಾಗ್ರೀ. ಅಪ್ಪಿನ್ನ ಕರಕೊಂಡು ಪುಣೆಕ್ಕ ಹೊಂಟಿರ್ತಾಳಲ್ರೀ.”

“ಅಪ್ಪಿ ಅಂದ್ರ ಯಾರು?”

“ಕುಶಲನ ತಂಗಿ!” ನನ್ನ ದನಿ ಏರಿತು. “ನೀವಽ ಬರದೀರಲ್ರೀ!”

ಅವರು ಕನ್ನಡಕ ಏರಿಸಿ ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡರು. ಖಾಕಿ ಹಾಳೆಯನ್ನು ಮೂಲೆಯಿಂದ ಬಿಡಿಸಿದರು. ಕೆಳಗೆ ಬೆಂಚಿನ ಮೇಲೆ ಕೂತ ಹುಡುಗಿಯ ಚಿತ್ರವಿತ್ತು. ಮೊದಲ ಜೂನ್‌ನಲ್ಲಿ, ಹೊದಿಕೆ ಬೀಳುವ ಮುಂಚೆ, ಒಮ್ಮೆ ಕಂಡಿದ್ದ ಅದೇ ಚಿತ್ರ.

“ಇದು ನಂದಽ ಪುಸ್ತಕ” ಅಂದರು. “ಕುಶಲನ ಮ್ಯಾಲೆ ನಾ ಬರದದ್ದು ಇದೊಂದಽ ನೋಡವಾ. ಮುಂದ ಭಾಗ ಯಾವೂ ಇಲ್ಲ. ಆಕಿಗೆ ತಂಗಿನೂ ಇಲ್ಲ.”

“ಮತ್ತ ಕಾಲೇಜು?”

ಅವರು ಹೇಳಲೋ ಬೇಡವೋ ಎಂದು ನನ್ನ ಮುಖ ನೋಡಿದರು. “ಆಕಿ ಅಲ್ಲೀತನಕ ಉಳಿಯೂದಿಲ್ಲವಾ. ಕಡೇಕ ಜ್ವರಾ ಬಂದು ಸಾಯ್ತಾಳ. ಅವಾಗ ನಾನೂ ಸಣ್ಣಾಕಿ. ಓದವರನ್ನ ಅಳಿಸಿದ್ರ ದೊಡ್ಡ ಲೇಖಕಿ ಆಗ್ತೀನಂತ ತಿಳಕೊಂಡಿದ್ದೆ.”

ಇಂದೂ ಆ ಪುಟ ಓದಿದ್ದಳು. ಜ್ವರದಿಂದ ಹೃದಯ ಕೆಡಿಸಿಕೊಂಡವಳು, ಮಂಚ ಬಿಟ್ಟು ಏಳಲಾರದವಳು, ಜ್ವರ ಬಂದು ಸತ್ತ ಹುಡುಗಿಯ ಪುಟವನ್ನು ಒಬ್ಬಳೇ ಓದಿಕೊಂಡು, ನನ್ನೆದುರು ಅದನ್ನೇ ತೆರೆದಿಟ್ಟು, ಕುಶಲ ಗುಣವಾಗಿ ಎದ್ದು ಕೂತಳು ಎಂದು ಹೇಳಿದ್ದಳು. ಪ್ರತಿ ಜೂನ್ ಹೊಸ ಖಾಕಿ ಹಾಕಿ ಅವಳನ್ನು ಒಂದೊಂದು ವರ್ಷ ಬದುಕಿಸಿದ್ದಳು. ನನಗೆ ಅಕ್ಕನ ಮೇಲೆ ಸಿಟ್ಟು ಬಂತು, ಪ್ರೀತಿ ಉಕ್ಕಿ ಬಂತು.

“ಯಾರು ಓದಿ ಹೇಳ್ತಿದ್ರವಾ ನಿನಗ?”

“ನಮ್ಮಕ್ಕ.”

“ಎಲ್ಲಿದ್ದಾಳ ಆಕಿ?”

ನಾನು ಅವರ ಕೈಯಲ್ಲಿದ್ದ ಪುಸ್ತಕ ನೋಡಿದೆ. ಅವರಿಗೆ ತಿಳಿಯಿತು. ಪಕ್ಕದ ಕುರ್ಚಿ ಎಳೆದು, “ಕೂಡು. ಆಕಿ ಹೇಳಿದ್ದು ನನಗ ಹೇಳು” ಅಂದರು.

ಸಾಲಿನಲ್ಲಿ ನಿಂತವರು ಗೊಣಗಿದರು. ಕಾರ್ಯದರ್ಶಿ ಊಟಕ್ಕೆ ತಡವಾಗುತ್ತದೆಂದು ಎರಡು ಸಲ ಬಂದು ಹೋದ. ನಾನು ಹೇಳಿದೆ, ಅವರು ಬಾಯಿ ತೆರೆದು ಕೇಳಿದರು. ಮಂಚದ ತುದಿಯಲ್ಲಿ ನಾನೂ ಹಾಗೆಯೇ ಕೇಳುತ್ತಿದ್ದೆ. ದೌಂಡದ ನಳದ ಹತ್ತಿರ ಬಂದು ನಿಲ್ಲಿಸಿದೆ.

“ಮುಂದ?” ಅಂದರು ರೇಣು ಬಾಯಿ, ನನ್ನ ಮುಂಗೈ ಹಿಡಿದು.

“ಅಲ್ಲಿಗೆ ನಿಂತದರೀ. ಅದನ್ನಽ ಕೇಳಬೇಕಂತ ಬಂದೀನಿ.”

ಅವರು ನನ್ನ ಕೈ ಬಿಟ್ಟರು. “ನನಗ ಗೊತ್ತಿಲ್ಲವಾ. ಹತ್ತಿದ್ಳು ಅಂತ ಹೇಳಿಬಿಡಬಹುದು. ಆದ್ರ ಇದು ನನ್ನ ಕಥಿ ಅಲ್ಲ.” ಬಿಡಿಸಿದ ಖಾಕಿಯನ್ನು ಅದರ ಹಳೆಯ ಮಡಿಕೆಗೇ ಸರಿಯಾಗಿ ಕೂಡಿಸಿ ಪುಸ್ತಕ ನನ್ನ ಕೈಗಿಟ್ಟರು.

ಬಸ್ ಸ್ಟಾಪಿನಲ್ಲಿ ಅಪ್ಪ ಕಲ್ಲುಬೆಂಚಿನ ಮೇಲೆ ಕೂತಿದ್ದ. ನನ್ನ ಮುಖ ನೋಡಿದ ಕೂಡಲೇ ಎಲ್ಲ ಗೊತ್ತಾಯಿತು ಅವನಿಗೆ. “ನೀ ಹೊಂಟಾಗ ಬ್ಯಾಡ ಅನ್ನಲಿಕ್ಕೆ ಬಾಯೇ ಬರಲಿಲ್ಲ” ಅಂದ. “ಅದಽ ಪುಸ್ತಕಾನ ಧಾರವಾಡಕ್ಕ ಒಯ್ದು ಅದನ್ನಽ ತಿರುಗಿ ತರ್ತಿದ್ದೆ. ಯಾರಿಗೂ ಹೇಳಬ್ಯಾಡಂತ ಆಣಿ ಹಾಕಿಸಿಕೊಂಡಿದ್ಳು.”

ನಾನು ಅವನ ಪಕ್ಕ ಕೂತೆ. ಅವನು ಕೆಮ್ಮಿ ಗಂಟಲು ಸರಿಮಾಡಿಕೊಂಡ.

“ನಾನೂ ಪರದೆ ಹಿಂದ ಕೂತು ಕೇಳ್ತಿದ್ದೆ, ವರದಾ. ಆಮ್ಯಾಲೆ... ನಿನಗೇನರ ಹೇಳಿದ್ಳೇನು ಮುಂದಿಂದು? ಹತ್ತಿದ್ಳೇನು ಆಕಿ?”

ಇಷ್ಟು ವರ್ಷ ಅವನಿಗೆ ಗೊತ್ತಿರಬಹುದೆಂದು ನಾನು, ನನಗೆ ಗೊತ್ತಿರಬಹುದೆಂದು ಅವನು. ಹತ್ತಿದಳು ಅನ್ನುವುದು ಕಷ್ಟವಿರಲಿಲ್ಲ. ಇಂದೂ ಇದ್ದಿದ್ದರೆ ಖಂಡಿತ ಹತ್ತಿಸುತ್ತಿದ್ದಳು, ಕೊನೆಯ ಡಬ್ಬಿಯ ಬಾಗಿಲು ಹಿಡಿಸಿಯಾದರೂ. ನನಗೆ ಅದು ಆಗಲಿಲ್ಲ.

“ಇಲ್ಲಪ್ಪಾ” ಅಂದೆ. “ಓಡಿದ್ಳು. ಭಾಳ ಓಡಿದ್ಳು. ಗಾಡಿ ಹೋತು.”

“ಅಪ್ಪಿ?”

“ಮಲಗಿದ್ಳು. ಎಚ್ಚರಾದಾಗ ಪುಣೆ ಬಂದಿತ್ತು.”

ಆಸ್ಪತ್ರೆಯಲ್ಲೂ ಅಳದಿದ್ದ ಅಪ್ಪ ಅಲ್ಲಿ, ಜನರೆದುರೇ, ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತ. ಬಿಬವೇವಾಡಿಯ ಬಸ್ಸು ಬಂತು. ಕಂಡಕ್ಟರ್ ನಮ್ಮನ್ನು ನೋಡಿ ಸ್ವಲ್ಪ ಕಾದು, ಗಂಟೆ ಹೊಡೆದ. ನಾವು ಹತ್ತಲಿಲ್ಲ.