ಅಕ್ಕನ ಊರಿಗೆ ನೇರ ವಿಮಾನವಿಲ್ಲ

ಬೆರೆಟಾಳ ಫೋನ್ ಬಂದಾಗ ಅಕೋಯಾ ಕ್ರಿಸ್ಮಸ್ ದ್ವೀಪದ ತನ್ನ ಅಂಗಳದಲ್ಲಿ ಕೂತು ಮೀನಿಗೆ ಉಪ್ಪು ಸವರುತ್ತಿದ್ದಳು.

“ಚಿಕ್ಕಮ್ಮಾ, ಅಮ್ಮನಿಗೆ ಜಾಸ್ತಿಯಾಗಿದೆ. ನಿನ್ನನ್ನೇ ಕೇಳ್ತಿದಾಳೆ.”

ಬೆರೆಟಾಳ ಅಮ್ಮ ತೆಬೋರಾ ಅಕೋಯಾಳ ಅಕ್ಕ. ಹೆತ್ತವಳು ಬಾಣಂತಿತನದಲ್ಲೇ ಕಣ್ಮುಚ್ಚಿದ ಮೇಲೆ ತಂಗಿಯನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಈಗ ಅದೇ ದೇಶದ ಇನ್ನೊಂದು ತುದಿಯ ದ್ವೀಪವಾದ ತರಾವದ ಆಸ್ಪತ್ರೆಯಲ್ಲಿ ಮಲಗಿದ್ದಳು.

ಅಕೋಯಾ ಕೈಯನ್ನೂ ತೊಳೆಯದೆ ಪಕ್ಕದ ಮನೆಗೆ ಓಡಿದಳು. ಆ ಮನೆಯ ತೊಂಗಾ ವಿಮಾನ ನಿಲ್ದಾಣದಲ್ಲಿ ಟಿಕೆಟ್ ಕೊಡುವವನು.

“ತೊಂಗಾ, ಇಲ್ಲಿಂದ ತರಾವ ಎಷ್ಟು ದೂರವೋ?”

ಅವನು ಫೋನಿನಲ್ಲಿ ಎರಡೂ ನಿಲ್ದಾಣಗಳ ಹೆಸರು ಒತ್ತಿದ. ಸಮುದ್ರದ ಮೇಲೆ ಒಂದು ಗೆರೆ ಮೂಡಿತು. “ಮೂರು ಸಾವಿರದ ಮುನ್ನೂರು ಕಿಲೋಮೀಟರ್ ಹತ್ತಿರ. ಹಾರೋಕೆ ನಾಲ್ಕು ಗಂಟೆ ಚಿಲ್ಲರೆ.”

“ನಾಲ್ಕೇ ಗಂಟೆಯಾ! ಹಾಗಾದ್ರೆ ಕತ್ತಲಾಗೋದ್ರೊಳಗೆ ಅಕ್ಕನ ಹತ್ರ ಇರ್ತೀನಿ.”

“ಅದು ಹಕ್ಕಿಗಳ ಲೆಕ್ಕ ಅಕೋಯಕ್ಕಾ. ನೇರ ವಿಮಾನ ನಿಂತುಹೋಗಿದೆ. ಫಿಜಿಗೆ ಹೋಗಿ, ಅಲ್ಲಿ ಕಾದು, ಮತ್ತೆ ತಿರುಗಿ ಹಾರ್ಬೇಕು.”

“ನಮ್ದು ಒಂದೇ ದೇಶ ಅಲ್ವೇನೋ? ಅಕ್ಕನ್ನ ನೋಡೋಕೆ ಪರದೇಶಕ್ಕೆ ಹೋಗ್ಬೇಕಾ?”

“ನನ್ನ ಮೇಲೆ ಯಾಕೆ ಸಿಡುಕ್ತೀಯಾ? ಸಮುದ್ರ ನಾನು ಹಾಸಿದ್ದಲ್ಲ.” ಅಷ್ಟಂದು ಅವನೇ ಮೆತ್ತಗಾದ. “ಫಿಜಿ ವಿಮಾನ ವಾರಕ್ಕೊಂದೇ. ನಾಡಿದ್ದು ಬರುತ್ತೆ. ಹೇಗಾದ್ರೂ ಜಾಗ ಮಾಡಿಸ್ತೀನಿ.”

ಮಾತಿನಂತೆ ಜಾಗ ಮಾಡಿಸಿದ. ಆದರೆ ಫಿಜಿಯಲ್ಲಿ ಇಳಿದರೆ, ತರಾವಕ್ಕೆ ಹೊರಡಬೇಕಾದ ವಿಮಾನ ಕೆಟ್ಟು ನಿಂತಿತ್ತು. ಯಾವಾಗ ಹೊರಡುತ್ತದೆ ಎಂದು ಕೇಳಿದಾಗಲೆಲ್ಲ ಕೌಂಟರಿನ ಗಾಜಿನ ಹಿಂದಿನ ಹುಡುಗಿ ನಗುಮುಖದಿಂದಲೇ “ಗೊತ್ತಿಲ್ಲಮ್ಮಾ” ಎನ್ನುತ್ತಿದ್ದಳು. ಅಕೋಯಾ ಚಾಪೆ ಬಿಚ್ಚಿ ಅಲ್ಲೇ ಗೋಡೆಗೊರಗಿದಳು.

ಸಂಜೆ ಫೋನಿನಲ್ಲಿ ಅಕ್ಕ ತಾನೇ ಮಾತಾಡಿದಳು. ದನಿ ಬತ್ತಿತ್ತು.

“ಎಲ್ಲಿದೀಯೇ?”

“ಬಂದೇಬಿಟ್ಟೆ ಅಕ್ಕಾ. ಹತ್ರದಲ್ಲೇ ಇದೀನಿ.”

“ಸುಳ್ಳಿ! ಚಿಕ್ಕವಳಿದ್ದಾಗ್ಲೂ ಊಟಕ್ಕೆ ಕರೆದ್ರೆ, ಮರದ ಮೇಲೆ ಕೂತು ಬಂದೆ ಬಂದೆ ಅಂತಿದ್ದೆ.” ನಗಲು ಹೋಗಿ ಕೆಮ್ಮಿದಳು. ಆಮೇಲೆ ಆ ಕಡೆಯಿಂದ ಬರೀ ಉಸಿರು ಕೇಳಿಸಿತು.

ಮರುದಿನ ಬೆರೆಟಾ ಅಳುತ್ತ ಫೋನ್ ಮಾಡಿದಾಗ ಅಕೋಯಾ ಏನಾಯಿತೆಂದು ಕೇಳಲಿಲ್ಲ.

“ನಾನು ಬರೋ ತನಕ ಅಕ್ಕನ್ನ ಮಣ್ಣು ಮಾಡದೆ ಇಟ್ಕೊಳ್ರೇ,” ಎಂದಳು.

“ಈ ಸೆಕೆಗೆ ಆಗಲ್ಲ ಅಂತಿದಾರೆ ಹಿರಿಯರು. ಏನು ಮಾಡ್ಲಿ ಚಿಕ್ಕಮ್ಮಾ? ನಿನ್ನ ವಿಮಾನ ಯಾವಾಗ?”

ಅಕೋಯಾ ಗಾಜಿನ ಕಡೆ ನೋಡಿದಳು. ಹುಡುಗಿ ಇಲ್ಲವೆಂದು ತಲೆಯಾಡಿಸಿದಳು. “ಮಾಡಿಬಿಡಿ,” ಎಂದಳು ಅಕೋಯಾ. “ಫೋನ್ ಮಾತ್ರ ಇಡ್ಬೇಡ.”

ಅಕ್ಕನ ಮನೆಯ ಪಕ್ಕದಲ್ಲೇ ಗುಂಡಿ ತೋಡಿದ್ದರು. ಫೋನಿನಲ್ಲಿ ಪ್ರಾರ್ಥನೆಯ ಹಾಡು ಕೇಳಿಸಿತು, ಆಮೇಲೆ ಮರಳಿಗೆ ಸಲಿಕೆ ತಾಗುವ ಸದ್ದು. ಅಷ್ಟರಲ್ಲಿ ಯಾವುದೋ ಊರಿನ ವಿಮಾನ ಹೊರಡುತ್ತದೆಂದು ನಿಲ್ದಾಣದ ಮೈಕು ಕೂಗತೊಡಗಿತು. ಅಕೋಯಾ ಇನ್ನೊಂದು ಕಿವಿ ಮುಚ್ಚಿಕೊಂಡಳು. ಮೈಕು ನಿಲ್ಲುವಷ್ಟರಲ್ಲಿ ಆ ಕಡೆ ಸಲಿಕೆಯೂ ನಿಂತಿತ್ತು.

ಅವಳು ತರಾವ ಮುಟ್ಟುವಾಗ ಸಮಾಧಿಯ ಮೇಲೆ ಬಿಳಿ ಹವಳದ ಕಲ್ಲು ಹರಡಿಯಾಗಿತ್ತು. ಅದರ ಪಕ್ಕದಲ್ಲೇ ಚಾಪೆ ಹಾಸಿ ಕೂತಳು. ಬೆರೆಟಾ ಅನ್ನ, ಮೀನು ತಂದಿಟ್ಟಳು.

“ತಿನ್ನು ಚಿಕ್ಕಮ್ಮಾ. ಆರಿಹೋಗುತ್ತೆ.”

“ಕೊನೆಗೆ ಏನಾದ್ರೂ ಅಂದ್ಲಾ?”

“ಇಲ್ಲ. ಬಾಗಿಲ ಕಡೇನೇ ನೋಡ್ತಿದ್ಲು.”

ಅಕೋಯಾ ತಟ್ಟೆ ಎಳೆದುಕೊಂಡಳು. “ಬಂದೆ ಅಕ್ಕಾ,” ಎಂದು ಒಂದು ತುತ್ತು ಬಾಯಿಗಿಟ್ಟಳು.